ಬಾಲ್ಯದಲ್ಲಿ ಹೆದರಿಸಿದ ಗೊಂಬೆ ಮಕ್ಕಳ ಕಥೆಯ ಖಳಪಾತ್ರವಾಗುವುದು ಹೇಗೆ?

ಪ್ರಶ್ನೆ:
ಎಂಟರಿಂದ ಹತ್ತು ವರ್ಷದ ಮಕ್ಕಳಿಗಾಗಿ ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಅದರ ಖಳಪಾತ್ರಕ್ಕೆ ಮೂಲ, ನಾನು ಚಿಕ್ಕವಳಿದ್ದಾಗ ಆಡುತ್ತಿದ್ದ ಒಂದು ಗೊಂಬೆ. ಮಲಗಿಸಿದರೆ ಕಣ್ಣು ಮುಚ್ಚುವ, ಎತ್ತಿ ನಿಲ್ಲಿಸಿದರೆ ತೆರೆಯುವ ಜಾತಿಯದು. ಆದರೆ ಎಡಗಣ್ಣು ಅರ್ಧಕ್ಕೇ ಸಿಕ್ಕಿಕೊಂಡಿದ್ದರಿಂದ, ಮಲಗಿಸಿದಾಗಲೂ ರೆಪ್ಪೆಯ ಕೆಳಗೆ ಬಿಳಿ ಗುಡ್ಡೆ ಕಾಣುತ್ತಿತ್ತು. ಕಥೆಯಲ್ಲಿ ಅದನ್ನು ಓಡಾಡಿಸಿ, ಮಾತನಾಡಿಸಿ, ಕೈಗೆ ಕತ್ತರಿ ಕೊಟ್ಟು ನೋಡಿದೆ. ವಿಚಿತ್ರವೆಂದರೆ, ಅದು ದುಷ್ಟವಾದಷ್ಟೂ ಭಯ ಕಡಿಮೆಯಾಗುತ್ತಿದೆ. ಇದಕ್ಕೆ ಕಾರಣವೇನಿರಬಹುದು? ಓದುವ ಮಗುವಿನ ನಿದ್ದೆ ಕೆಡದಂತೆ ಈ ಭಯವನ್ನು ಎಷ್ಟರಮಟ್ಟಿಗೆ ಬಳಸಬಹುದು?

ಉತ್ತರ 1:
ಗೊಂಬೆ ಕತ್ತರಿ ಹಿಡಿದ ಕ್ಷಣಕ್ಕೇ ಅನುಮಾನ ಮುಗಿದುಹೋಗುತ್ತದೆ. ಭಯವಿದ್ದದ್ದು ಆ ಅನುಮಾನದಲ್ಲಿ. ಜರ್ಮನಿಯ ಮನೋವೈದ್ಯ ಅರ್ನ್ಸ್ಟ್ ಯೆಂಟ್ಷ್ 1906ರ ಪ್ರಬಂಧವೊಂದರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಜೀವವಿರುವಂತೆ ಕಾಣುವುದಕ್ಕೆ ನಿಜಕ್ಕೂ ಜೀವವಿದೆಯೋ, ನಿರ್ಜೀವವೆಂದುಕೊಂಡದ್ದು ಎಲ್ಲಾದರೂ ಸಜೀವವೋ ಎಂಬ ಶಂಕೆ ಬಗೆಹರಿಯದೆ ಉಳಿದಾಗ ಮನಸ್ಸು ಅಳುಕುತ್ತದೆ. ಆದರೆ ಮಕ್ಕಳಿಗಾಗಿ ಬರೆಯುವವರಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು, 1919ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಇದಕ್ಕೆ ತೆಗೆದ ತಕರಾರು. ಗೊಂಬೆಗೆ ಜೀವ ಬರುವುದಕ್ಕೆ ಮಕ್ಕಳು ಹೆದರುವುದಿಲ್ಲ, ಅದನ್ನು ಬಯಸುವುದೂ ಉಂಟು ಎಂಬುದು ಅವರ ವಾದ. (ಫ್ರಾಯ್ಡರ ಉಳಿದ ಮಾತುಗಳನ್ನು ಒಪ್ಪದ ನನಗೂ ಇದು ಸರಿಯೆನಿಸುತ್ತದೆ, ಗೊಂಬೆಗೆ ಉಣಿಸಿ, ಬೈದು, ಮಲಗಿಸುವ ಮಗುವನ್ನು ಕಂಡವರಿಗೆ ಬೇರೆ ಪುರಾವೆ ಬೇಕಿಲ್ಲ.) ಹಾಗಿದ್ದ ಮೇಲೆ ಗೊಂಬೆ ಎದ್ದು ನಡೆಯುವುದೇ ನಿಮ್ಮ ಕಥೆಯ ತಿರುವಾಗಲಾರದು. ಎದ್ದ ಗೊಂಬೆಗೆ ಮಗುವಿನಿಂದ ಏನು ಬೇಕಾಗಿದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ.

ಉತ್ತರ 2:
ಆ ಸಿಕ್ಕಿಕೊಂಡ ಕಣ್ಣನ್ನು ಮಾತ್ರ ಕೈಬಿಡಬೇಡಿ, ಏಕೆಂದರೆ ಗೊಂಬೆಯ ಬೇಡಿಕೆ ಅಲ್ಲಿಂದಲೇ ಹುಟ್ಟಬಹುದು. ಹಳೆಯ ಪಿಂಗಾಣಿ ಗೊಂಬೆಗಳಲ್ಲಿ ಎರಡೂ ಗಾಜಿನ ಕಣ್ಣುಗಳನ್ನು ಒಂದೇ ತಂತಿಗೆ ಸೇರಿಸಿ, ತಲೆಯೊಳಗೆ ಸೀಸದ ತೂಕವೊಂದನ್ನು ತೂಗಬಿಡುತ್ತಿದ್ದರು. ಗೊಂಬೆಯನ್ನು ಮಲಗಿಸಿದಾಗ ಆ ತೂಕದಿಂದಾಗಿ ಕಣ್ಣುಗಳು ಜೊತೆಯಾಗಿ ಮುಚ್ಚುತ್ತಿದ್ದವು. ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಕೂರಿಸಿದ ಪ್ಲಾಸ್ಟಿಕ್ ಗೊಂಬೆಗಳಲ್ಲಿ, ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತಲೇ ಇರುತ್ತದೆ. ಹೆದರಿಸಬೇಕೆಂದು ಇದನ್ನು ಯಾರೂ ತಯಾರಿಸಿದ್ದಲ್ಲ. 1890ರಲ್ಲಿ ಥಾಮಸ್ ಎಡಿಸನ್ನರ ಮಾತನಾಡುವ ಗೊಂಬೆ ಮಾರುಕಟ್ಟೆಗೆ ಬಂದಾಗಲೂ ಹೀಗೆಯೇ ಆಯಿತು: ಎದೆಯೊಳಗೆ ಪುಟ್ಟ ಫೋನೋಗ್ರಾಫ್ ಇಟ್ಟು, ಮಗು ಹಿಡಿಕೆ ತಿರುಗಿಸಿದರೆ ಶಿಶುಗೀತೆ ಕೇಳಬೇಕೆಂಬ ಯೋಜನೆಯಿತ್ತು, ಆದರೆ ಕೇಳಿಬಂದದ್ದು ಕೀರಲು ದನಿ, ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಪ್ರೀತಿಸಲೆಂದು ಮಾಡಿದ ವಸ್ತು ತನ್ನ ದೋಷದಿಂದಾಗಿಯೇ ಪ್ರೀತಿಗೆ ಎರವಾಗುವುದರಲ್ಲಿ ಒಳ್ಳೆಯ ಖಳಪಾತ್ರವೊಂದು ಅಡಗಿದೆ. 2019ರ ‘ಟಾಯ್ ಸ್ಟೋರಿ 4’ ಚಿತ್ರದ ಗ್ಯಾಬಿ ಗ್ಯಾಬಿ ಎಂಬ ಗೊಂಬೆ ಇನ್ನೊಂದು ಆಟಿಕೆಯ ದನಿಪೆಟ್ಟಿಗೆಗೆ ಹೊಂಚು ಹಾಕುವುದು, ತನ್ನದು ಹುಟ್ಟಿನಿಂದಲೇ ಕೆಟ್ಟಿರುವ ಕಾರಣಕ್ಕೆ.

ಉತ್ತರ 3:
ಖಳರಿಗೆಲ್ಲ ಒಂದೊಂದು ಕಣ್ಣೀರಿನ ಹಿನ್ನೆಲೆ ಅಂಟಿಸುವ ಈಚಿನ ರೂಢಿಗೆ ನನ್ನ ಸಮ್ಮತಿಯಿಲ್ಲ; ಕೆಲವು ಗೊಂಬೆಗಳು ಕೆಟ್ಟವಾಗಿಯೇ ಇರಲಿ. ನಿದ್ದೆಯ ಪ್ರಶ್ನೆಗೆ ನನ್ನ ಸಲಹೆ ಇಷ್ಟು: ಗೊಂಬೆಯ ಶಕ್ತಿಗೆ ಒಂದು ಸ್ಪಷ್ಟ ಮಿತಿ ಹಾಕಿ, ಅದನ್ನು ಕಥೆಯ ಮಗು ತಾನಾಗಿಯೇ ಕಂಡುಕೊಳ್ಳಲಿ. ಯಾರಾದರೂ ನೋಡುತ್ತಿರುವಾಗ ಗೊಂಬೆ ಅಲುಗಾಡಲಾರದು ಎಂದಿಟ್ಟುಕೊಳ್ಳಿ. ಆಗ ಓದುಗರಿಗೂ ಅದು ಅಲುಗಿದ್ದು ಕಾಣುವುದಿಲ್ಲ, ಇದ್ದ ಜಾಗ ಬದಲಾಗಿರುವುದಷ್ಟೇ ಕಾಣುತ್ತದೆ. ಮೇಲೆ ಹೇಳಿದ ಅನುಮಾನವೂ ಉಳಿಯುತ್ತದೆ, ಅದನ್ನು ಎದುರಿಸುವ ಉಪಾಯವೂ ಮಗುವಿನ ಕೈಯಲ್ಲೇ ಇರುತ್ತದೆ. ಕತ್ತರಿಯನ್ನು ಮಾತ್ರ ದಯವಿಟ್ಟು ತೆಗೆದುಬಿಡಿ.