ಹಣ್ಣು ಹಾಕಿದ ಕೊಂಬುಚಾ: ಅನಾನಸ್ ಸೀಲಿಂಗಿಗೆ ಹಾರಿತು, ಈಗ ನೇರಳೆ ಹಾಕಲಾ?

ಸರಸ್ವತಿಪುರಂ ಜಾಡಿ:

ಎಲ್ಲರಿಗೂ ನಮಸ್ಕಾರ. ನಾನು ಕೊಂಬುಚಾ, ಅಂದರೆ ಸಕ್ಕರೆ ಹಾಕಿದ ಟೀಯನ್ನು ಹುದುಗಿಸಿ ಮಾಡೋ ಹುಳಿ ಪಾನೀಯ, ಶುರು ಮಾಡಿ ಐದು ತಿಂಗಳಾಯಿತು. ಬರೀ ಟೀದು ಚೆನ್ನಾಗೇ ಬರುತ್ತೆ. ಎರಡು ಲೀಟರ್ ನೀರು, 150 ಗ್ರಾಂ ಸಕ್ಕರೆ, ನಾಲ್ಕು ಚಮಚ ಟೀ ಪುಡಿ. ಪೂರ್ತಿ ಆರಿದ ಮೇಲೆ ಹಿಂದಿನ ಸಲದ ಹುಳಿ ಕೊಂಬುಚಾ ಒಂದು ಲೋಟ, ಜೊತೆಗೆ ಸ್ಕೋಬಿ, ಅಂದರೆ ಯೀಸ್ಟ್, ಬ್ಯಾಕ್ಟೀರಿಯಾ ಸೇರಿ ಕಟ್ಟಿದ ದಪ್ಪ ಕೆನೆಯಂಥ ಬಿಲ್ಲೆ. ನಮ್ಮನೇಲಿ ಅದನ್ನು ಯಾರೂ ಸ್ಕೋಬಿ ಅನ್ನಲ್ಲ, "ಆ ದೋಸೆ" ಅಂತಾರೆ. ಎಂಟು ದಿನಕ್ಕೆ ಹದವಾಗಿ ಹುಳಿ ಬರುತ್ತೆ.

ತೊಂದರೆ ಇರೋದು ಆಮೇಲೆ ಅದನ್ನು ಬಾಟಲಿಗೆ ತುಂಬಿ, ಹಣ್ಣು ಹಾಕಿ, ಗ್ಯಾಸ್ ಕಟ್ಟಲಿ ಅಂತ ಮುಚ್ಚಿಡುವಾಗ. ಮೊದಲು ಸೀಬೆ ಹಾಕಿದೆ. ಮೂರು ದಿನ ಬಿಟ್ಟು ಕುಡಿದರೆ ಸೀಬೆಯ ಸುಳಿವೇ ಇಲ್ಲ, ತಳದಲ್ಲಿ ಬರೀ ಗಷ್ಟು. ಆಮೇಲೆ ಯಾರೋ ಹೇಳಿದರು ಅಂತ ಐಸ್‌ಕ್ರೀಮಿಗೆ ಹಾಕೋ ಸ್ಟ್ರಾಬೆರಿ ಎಸೆನ್ಸ್ ಎರಡು ಹನಿ ಬಿಟ್ಟೆ. ಕೆಮ್ಮಿನ ಸಿರಪ್ ಕುಡಿದ ಹಾಗಿತ್ತು.

ಮೂರನೇದು ಅನಾನಸ್. ಏಪ್ರಿಲ್‌ನಲ್ಲಿ, ಅರ್ಧ ಲೀಟರಿನ ಚೌಕದ ಗಾಜಿನ ಬಾಟಲಿಗೆ 100 ಗ್ರಾಂ ಹೆಚ್ಚಿದ ಹಣ್ಣು, ಮೇಲೆ ಒಂದು ಚಮಚ ಸಕ್ಕರೆ. ಅಡುಗೆಮನೆ ಶೆಲ್ಫಲ್ಲಿ ನಾಲ್ಕು ದಿನ ಇಟ್ಟೆ. ನಾಲ್ಕನೇ ರಾತ್ರಿ ಎರಡು ಗಂಟೆಗೆ ಢಮ್ ಅಂತು. ಅಮ್ಮ ಗ್ಯಾಸ್ ಸಿಲಿಂಡರ್ ಅಂದುಕೊಂಡು ನಮ್ಮನ್ನೆಲ್ಲ ಎಬ್ಬಿಸಿ ಬೀದಿಗೆ ಕರೆದುಕೊಂಡು ಹೋದರು. ಬಂದು ಲೈಟ್ ಹಾಕಿದರೆ ಸೀಲಿಂಗಲ್ಲಿ ಅನಾನಸ್ ನಾರು, ಸಾರಿನ ಪುಡಿ ಡಬ್ಬದ ಹಿಂದೆ ಗಾಜಿನ ಚೂರು. "ಇದೇನು ಮನೆಯೋ ಗಡಂಗೋ" ಅಂದರು ಅಮ್ಮ. ರಾತ್ರಿ ಹೊತ್ತು, ಅಲ್ಲಿ ಯಾರೂ ನಿಂತಿರಲಿಲ್ಲ, ಅಷ್ಟೇ ಪುಣ್ಯ.

ಆವತ್ತಿಂದ ಹಣ್ಣಿನ ತಂಟೆಗೆ ಹೋಗಿಲ್ಲ. ಈಗ ದೇವರಾಜ ಮಾರುಕಟ್ಟೆ ಹತ್ತಿರ ಗಾಡಿಗಳ ತುಂಬ ನೇರಳೆ. ನೋಡಿದರೆ ಕೈ ಸುಮ್ನೆ ಇರಲ್ಲ. ಯಾವ ಹಣ್ಣು ನಿಜವಾಗಿ ರುಚಿ ಬಿಡುತ್ತೆ? ಅರ್ಧ ಲೀಟರಿಗೆ ಎಷ್ಟು ಹಾಕಬೇಕು?

ಆಲೆಮನೆ ಪಕ್ಕದವ, ಮಂಡ್ಯ:

ಗುರುವೇ, ನಿಮ್ಮದು ಅನಾನಸ್, ನಮ್ಮದು ಕಬ್ಬಿನ ಹಾಲು. ಮನೆ ಪಕ್ಕದಲ್ಲೇ ಸಿಗುತ್ತಲ್ಲ ಅಂತ ಕಾಲು ಲೋಟ ಸುರಿದೆ. ಪುಣ್ಯಕ್ಕೆ ಪ್ಲಾಸ್ಟಿಕ್ ಬಾಟಲಿ. ಮಾರನೇ ದಿನ ಸಂಜೆಗೆ ತಳ ಉಬ್ಬಿ, ನೆಟ್ಟಗೆ ನಿಲ್ಲಲಾರದೆ ಗುಂಡುಕಲ್ಲಿನ ಹಾಗೆ ಓಲಾಡುತ್ತಿತ್ತು.

ಚೌಕದ ಬಾಟಲಿ ಮೊದಲು ಬಿಸಾಕಿ. ಅದು ಎಣ್ಣೆ, ಜೇನು ಇಡೋಕೆ ಸರಿ. ಮೂಲೆಗಳು ಒತ್ತಡ ತಡೆಯಲ್ಲ. ನಾನು ಪ್ರತಿ ಸಲ ಒಂದು ಖಾಲಿ ಸೋಡಾ ಪ್ಲಾಸ್ಟಿಕ್ ಬಾಟಲಿಗೂ ಅದೇ ಮಾಲು ತುಂಬಿ ಗಾಜಿನ ಬಾಟಲಿ ಪಕ್ಕ ಇಡುತ್ತೇನೆ. ಬೆಳಿಗ್ಗೆ ಸಂಜೆ ಹೆಬ್ಬೆರಳಲ್ಲಿ ಅದುಮಿ ನೋಡೋದು. ಅಂಗಡಿಯಿಂದ ತಂದ ಹೊಸ ಸೋಡಾ ಬಾಟಲಿಯಷ್ಟು ಗಟ್ಟಿಯಾದರೆ ಎಲ್ಲಾ ಬಾಟಲಿ ಫ್ರಿಜ್ಜಿಗೆ. ಲೆಕ್ಕದ ದಿನ ನಂಬಬೇಡಿ. ಇಡ್ಲಿ ಹಿಟ್ಟು ಏಪ್ರಿಲ್‌ನಲ್ಲಿ ಉಕ್ಕಿ ಪಾತ್ರೆಯಿಂದ ಆಚೆ ಬರುತ್ತೆ, ಡಿಸೆಂಬರ್‌ನಲ್ಲಿ ಬೆಳಿಗ್ಗೆ ನೋಡಿದರೂ ಹಾಗೇ ಕೂತಿರುತ್ತೆ. ಇದೂ ಹಾಗೇ.

ಪಾಠ ಬಿಟ್ಟ ಮೇಷ್ಟ್ರು:

ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು, ಚಟ ಬಿಡದು. ಒಂದು ಲೆಕ್ಕ ಹೇಳುತ್ತೇನೆ. 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹತ್ತಿರ ಹತ್ತಿರ 2 ಗ್ರಾಂ ಗ್ಯಾಸ್ ಬರುತ್ತದೆ. ಕೋಲಾ ಬಾಟಲಿಯಲ್ಲಿ ಲೀಟರಿಗೆ ಇರುವುದು 6–7 ಗ್ರಾಂ. ನಿಮ್ಮ 100 ಗ್ರಾಂ ಅನಾನಸ್ಸಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ, ಮೇಲೆ ಹಾಕಿದ ಚಮಚ 5 ಗ್ರಾಂ. ಅರ್ಧ ಲೀಟರಿಗೆ 15 ಅಂದರೆ ಲೀಟರಿಗೆ 30. ಅಷ್ಟೂ ಹುದುಗಿದರೆ 15 ಗ್ರಾಂ ಗ್ಯಾಸ್, ಕೋಲಾದ ಎರಡರಷ್ಟು. ಟೀಯಲ್ಲಿ ಮೊದಲೇ ಉಳಿದ ಸಕ್ಕರೆ ಬೇರೆ. ಬಾಟಲಿ ಒಂದರದೇ ತಪ್ಪಲ್ಲ ಬಿಡಿ.

ಸೀಬೆ ರುಚಿ ಯಾಕೆ ಹೋಯಿತು ಅನ್ನುವುದಕ್ಕೂ ಇದೇ ಉತ್ತರ. ನಾವು ಹಣ್ಣಿನ ರುಚಿ ಅನ್ನುವುದರಲ್ಲಿ ಅರ್ಧ ಬರೀ ಸಿಹಿ. ಯೀಸ್ಟ್ ಅದನ್ನೇ ಮೊದಲು ತಿನ್ನುತ್ತದೆ. ಉಳಿಯುವುದು ವಾಸನೆ, ಹುಳಿ, ಒಗರು. ಆದ್ದರಿಂದ ತಿಂದರೆ ಸಿಹಿ ಅನ್ನಿಸುವ ಹಣ್ಣಲ್ಲ, ಮೂಸಿದರೆ ಗೊತ್ತಾಗುವ ಹಣ್ಣು ಆರಿಸಿ. ಶುಂಠಿ, ನಿಂಬೆ ಸಿಪ್ಪೆ, ಪ್ಯಾಶನ್ ಫ್ರೂಟ್, ಚೆನ್ನಾಗಿ ಕಳಿತ ರಸಪುರಿ. ನೇರಳೆಗೆ ಒಗರಿದೆ, ಬಣ್ಣವಿದೆ, ಧಾರಾಳವಾಗಿ ಹಾಕಿ ನೋಡಿ. ಅರ್ಧ ಲೀಟರಿಗೆ 40–50 ಗ್ರಾಂ ತಿರುಳು ಸಾಕು, ಮೇಲೆ ಸಕ್ಕರೆ ಬೇಡ.

ಇನ್ನೊಂದು ಮಾತು. ಹಣ್ಣು ಹಾಕಿ ಮುಚ್ಚಿಟ್ಟಾಗ ಗ್ಯಾಸ್ ಜೊತೆ ಸ್ವಲ್ಪ ಆಲ್ಕೋಹಾಲೂ ಹೆಚ್ಚುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು ಇದ್ದರೆ ಅವರಿಗೆ ಕೊಡಬೇಡಿ.

ನಂಜನಗೂಡು ಲೋಕಲ್:

ಯಾರಾದರೂ ಬಾಳೆಹಣ್ಣು ಹಾಕೋ ಯೋಚನೆಯಲ್ಲಿದ್ದರೆ ಈಗಲೇ ಹೇಳಿಬಿಡ್ತೀನಿ, ಬೇಡ. ಗಂಜಿ ಆಗುತ್ತೆ. ಅದರಲ್ಲೂ ನಿಜವಾದ ರಸಬಾಳೆ ಸಿಕ್ಕರೆ ಸಿಪ್ಪೆ ಸುಲಿದು ಸುಮ್ನೆ ತಿನ್ನಿ. ಪನಾಮ ಅನ್ನೋ ಬಾಳೆ ಸೊರಗು ರೋಗ ಬಂದು ತೋಟಗಳೇ ಹೋದವು. ಊರಿನ ಹೆಸರಿಗೆ ಸಿಗೋ ಸರ್ಕಾರಿ ಗುರುತು, ಜಿಐ ಟ್ಯಾಗ್, ಇದೆ, ಹಣ್ಣು ಹುಡುಕಬೇಕು.

ಹೊಸ ಜಾಡಿ:

ಹಣ್ಣು ಯಾಕೆ ಹೆಚ್ಚಬೇಕು, ಪ್ಯಾಕೆಟ್ ಜ್ಯೂಸ್ ಹಾಕಬಹುದಲ್ವಾ?

ಆಲೆಮನೆ ಪಕ್ಕದವ, ಮಂಡ್ಯ:

ಪ್ಯಾಕೆಟ್ ಹಿಂದೆ ಓದಿ. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಅಂತ ಇದ್ದರೆ ಯೀಸ್ಟ್ ಎದ್ದೇಳಲ್ಲ. ಅದನ್ನು ಹಾಕೋದೇ ಅದಕ್ಕೆ. ನಾನು ವಾರ ಕಾದೆ, ಒಂದು ಗುಳ್ಳೆ ಬರಲಿಲ್ಲ.

ಸರಸ್ವತಿಪುರಂ ಜಾಡಿ:

ಹತ್ತು ದಿನ ಆದ ಮೇಲೆ ಬರೀತಿದ್ದೀನಿ. ಕಾಲು ಕೆಜಿ ನೇರಳೆ ತಂದೆ. ಸಿಪ್ಪೆ ಸಮೇತ ಕಿವುಚಿ, ಬೀಜ ತೆಗೆದು, ಬಟ್ಟೆಯಲ್ಲಿ ಹಿಂಡಿದೆ. ಬಟ್ಟೆ ಮೇಲೆ ಕಡು ನೇರಳೆ ಇದ್ದ ರಸ ಹುಳಿ ಟೀ ಮುಟ್ಟಿದ ಕೂಡಲೇ ದಾಳಿಂಬೆ ಕೆಂಪಾಯಿತು. ಅದನ್ನು ನೋಡೋಕೆ ಅಮ್ಮನೂ ಬಂದು ನಿಂತರು.

ನಾಲ್ಕು ಬಾಟಲಿ ಮಾಡಿದೆ, ಎಲ್ಲಾ ಪ್ಲಾಸ್ಟಿಕ್. ಒಂದು ಬರೀ ಟೀ, ಹೋಲಿಸಿ ನೋಡೋಕೆ. ಒಂದು ನೇರಳೆ, ಒಂದು ನೇರಳೆ ಜೊತೆ ಜಜ್ಜಿದ ಶುಂಠಿ, ಒಂದು ನಿಂಬೆ ಸಿಪ್ಪೆ. ಎರಡೂವರೆ ದಿನಕ್ಕೆ ನೇರಳೆ ಎರಡೂ ಗಟ್ಟಿ. ನಿಂಬೆಗೆ ನಾಲ್ಕು ದಿನ ಬೇಕಾಯಿತು. ಒಂದು ರಾತ್ರಿ ಫ್ರಿಜ್ಜಲ್ಲಿಟ್ಟು, ಸಿಂಕಿನ ಮೇಲೆ ಹಿಡಿದು, ಮುಚ್ಚಳ ಸ್ವಲ್ಪ ಸ್ವಲ್ಪ ಸಡಿಲ ಮಾಡಿ ತೆಗೆದೆ.

ಬರೀ ನೇರಳೆ ಒಗರು ಜಾಸ್ತಿ, ನಾಲಿಗೆ ಹಿಡಿಯುತ್ತೆ. ಮೇಷ್ಟ್ರು ಧಾರಾಳ ಅಂದರು ಅಂತ 50 ಹಾಕಿದ್ದೆ, ಮುಂದಿನ ಸಲ 30. ಶುಂಠಿ ಹಾಕಿದ್ದು ಮಾತ್ರ ಬಹಳ ಚೆನ್ನಾಗಿತ್ತು. ಅಮ್ಮ ಅರ್ಧ ಲೋಟ ಕುಡಿದು "ಪರವಾಗಿಲ್ಲ" ಅಂದರು, ಆಮೇಲೆ ನಾನು ಸ್ನಾನಕ್ಕೆ ಹೋದಾಗ ಬಾಟಲಿ ಖಾಲಿ.

"ಆ ದೋಸೆ" ಈಗ ಎರಡಾಗಿದೆ. ಮೈಸೂರಲ್ಲಿ ಇರೋರಿಗೆ ಬೇಕಿದ್ದರೆ ಹೇಳಿ, ತೊಳೆದು ಒಣಗಿಸಿದ ಗಾಜಿನ ಜಾಡಿ ನೀವೇ ತರಬೇಕು.