ಸಹಾಯ ಬೇಕು: ಬಾಲ್ಕನಿ ಸೋಲಾರ್ ಕೇಬಲ್ ಕಿಟಕಿ ಸಂದಿಯಿಂದ ಒಳಗೆ ತರೋದು ಹೇಗೆ?

ಜರ್ಮನಿಯಲ್ಲಿರೋ ಕನ್ನಡಿಗರೇ, ಬಾಡಿಗೆ ಮನೆಗೆ 440 ವ್ಯಾಟಿನ ಎರಡು ಪ್ಯಾನೆಲ್, 800 ವ್ಯಾಟಿನ ಮೈಕ್ರೋ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಮಾಡೋ ಚಿಕ್ಕ ಪೆಟ್ಟಿಗೆ) ತಂದಾಗಿದೆ. ಮಾರ್ಕ್ಟ್‌ಸ್ಟಾಮ್‌ಡಾಟೆನ್‌ರೆಜಿಸ್ಟರ್‌ನಲ್ಲಿ (ವಿದ್ಯುತ್ ಘಟಕಗಳ ಸರ್ಕಾರಿ ನೋಂದಣಿ ಪಟ್ಟಿ) ನೋಂದಾಯಿಸಿದರೆ ಸಾಕು, 2024ರ ಮೇ ನಂತರ ಗ್ರಿಡ್ ಕಂಪನಿಗೆ ಬೇರೆ ಅರ್ಜಿ ಬೇಡ, ಅದು ಗೊತ್ತು. ಓನರ್ ಕೂಡ ಒಪ್ಪಿದ್ದಾರೆ, ಆದರೆ ಗೋಡೆ ಕೊರೆಯೋ ಹಾಗಿಲ್ಲ. ಬಾಲ್ಕನಿಯಲ್ಲಿ ಸಾಕೆಟ್ಟೂ ಇಲ್ಲ.

ಇನ್ವರ್ಟರ್ ಹೊರಗಿಟ್ಟರೆ ಕಿಟಕಿ ಸಂದಿಯಲ್ಲಿ ಒಂದೇ ಚಪ್ಪಟೆ ಕೇಬಲ್, ಬರೀ 3.5 ಆಂಪಿಯರ್. ಆದರೆ ಅದು 230 ವೋಲ್ಟ್ ಎಸಿ, ಕಿಟಕಿ ಅದುಮಿ ಇನ್ಸುಲೇಶನ್ ಹರಿದರೆ ಜೀವಕ್ಕೇ ಅಪಾಯ. ಒಳಗಿಟ್ಟರೆ ಪ್ಯಾನೆಲ್‌ಗೆ 40 ವೋಲ್ಟ್ ಆಸುಪಾಸಿನ ಡಿಸಿ, ಆದರೆ ನಾಲ್ಕು ಕೇಬಲ್, ಒಂದೊಂದರಲ್ಲೂ 13 ಆಂಪಿಯರ್ ತನಕ. ಕನೆಕ್ಟರ್ ಸಡಿಲವಾದರೆ ಆರ್ಕ್ (ನಿಲ್ಲದ ವಿದ್ಯುತ್ ಕಿಡಿ) ಆಗಿ ಸುಟ್ಟೇ ಹೋಗುತ್ತೆ. ಕಾಗದದ ಪಟ್ಟಿ ಸಿಕ್ಕಿಸಿ ಕಿಟಕಿಯ ರಬ್ಬರ್ ಸೀಲ್ ಎಲ್ಲಿ ಕಡಿಮೆ ಬಿಗಿ ಅಂತ ನೋಡಿ, ಅಲ್ಲೇ ಎರಡು ಬಗೆಯ ಕೇಬಲ್ಲೂ ಇಟ್ಟು ನೋಡಿದೆ. ಎರಡರಲ್ಲೂ ಕಿಟಕಿ ಮುಚ್ಚುತ್ತೆ.

ದಿನಾ ತೆರೆಯೋ ಕಿಟಕಿಗೆ ಯಾವುದು ಸುರಕ್ಷಿತ: ಎಸಿ ಚಪ್ಪಟೆ ಕೇಬಲ್ಲೋ, ಡಿಸಿಯೋ? ಒಂದು ವರ್ಷಕ್ಕಿಂತ ಹೆಚ್ಚು ಬಳಸಿದವರು ಕೇಬಲ್ ಎಲ್ಲಿ ಸವೆದಿದೆ ಅಂತಲೂ ಹೇಳ್ತೀರಾ?