‘ಅಂಡರ್ ದಿ ಸ್ಕಿನ್’ ನೋಡಿ ಜನ ಎರಡು ಗುಂಪಾಗುವುದು ಯಾಕೆ?

ಕೊನೆಯ ಸಾಲು

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಕಥೆ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ನೋಡಿಕೊಂಡು ಬನ್ನಿ.

ಜೊನಾಥನ್ ಗ್ಲೇಜರ್ ಅವರ ಈ ಸಿನಿಮಾ ಬಂದದ್ದು 2013ರಲ್ಲಿ. ನನಗೆ ಹಳೆಯ ಪರಿಚಯ. ಈ ಸಲ ಗೆಳೆಯರಿಗೆ ತೋರಿಸಿದೆ. ಮುಗಿದ ಮೇಲೆ ಒಬ್ಬ ‘ಏನ್ ವಿಶುವಲ್ಸ್ ಗುರೂ’ ಅಂದ. ಮುಂದೆ ಮಾತೇ ಇಲ್ಲ. ಇನ್ನೊಬ್ಬಳಿಗೆ ಸಿಟ್ಟು ಬಂದಿತ್ತು, ಸುಮ್ನೆ ಸಮಯ ಹಾಳು ಮಾಡಿಸಿದೆ ಅಂತ. ಮತ್ತೊಬ್ಬ ಆಗಲೇ ಫೋನಿನಲ್ಲಿ ‘ಕ್ಲೈಮ್ಯಾಕ್ಸ್ ಅರ್ಥ’ ಹುಡುಕುತ್ತಿದ್ದ.

ಇದು ಬರೀ ನಮ್ಮ ಗುಂಪಿನ ಜಗಳ ಅಲ್ಲ. 2013ರ ವೆನಿಸ್ ಚಿತ್ರೋತ್ಸವದಲ್ಲೂ ಒಂದೇ ಪ್ರದರ್ಶನದಲ್ಲಿ ಕೂಗಿ ಹಳಿದವರೂ ಇದ್ದರು, ಚಪ್ಪಾಳೆ ತಟ್ಟಿದವರೂ ಇದ್ದರು. ಹಾಕಿದ ದುಡ್ಡು ಥಿಯೇಟರಿನಿಂದ ವಾಪಸ್ ಬರಲಿಲ್ಲ. ಆದರೆ 2016ರಲ್ಲಿ ಬಿಬಿಸಿ ವಿಮರ್ಶಕರನ್ನೆಲ್ಲ ಕೇಳಿ ಈ ಶತಮಾನದ 100 ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡಿದಾಗ ಇದಕ್ಕೆ 61ನೇ ಸ್ಥಾನ ಸಿಕ್ಕಿತು.

ನನಗೆ ತಲೆ ಕೆಡಿಸುವುದು ಬೇರೆ ವಿಷಯ. ಎಲ್ಲರೂ ಇದನ್ನು ‘ಅರ್ಥವಾಗದ ಸಿನಿಮಾ’ ಅನ್ನುತ್ತಾರೆ. ಕಥೆ ಅರ್ಥವಾಗದಂಥದ್ದೇನೂ ಅಲ್ಲ. ಎಲ್ಲಿಂದಲೋ ಬಂದ ಜೀವಿಯೊಂದು ಹೆಣ್ಣಿನ ಚರ್ಮ ತೊಟ್ಟಿದೆ. ಬಿಳಿ ವ್ಯಾನಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಬೀದಿಗಳನ್ನು ಸುತ್ತಿ ಒಂಟಿ ಗಂಡಸರನ್ನು ಹತ್ತಿಸಿಕೊಳ್ಳುತ್ತದೆ. ಅವರನ್ನು ಕಪ್ಪು ಕೋಣೆಯೊಂದಕ್ಕೆ ಕರೆದೊಯ್ಯುತ್ತದೆ. ಅವರು ನೆಲದೊಳಕ್ಕೆ ಮುಳುಗುತ್ತಾರೆ. ಒಂದು ದಿನ ಅವಳು ಒಬ್ಬನನ್ನು ಬಿಟ್ಟುಬಿಡುತ್ತಾಳೆ. ಆಮೇಲೆ ಕೆಲಸ ಬಿಟ್ಟು ಓಡಿಹೋಗುತ್ತಾಳೆ, ಕಾಡಿನಲ್ಲಿ ಒಬ್ಬನ ಕೈಗೆ ಸಿಕ್ಕಿ ಸಾಯುತ್ತಾಳೆ. ಮುಗೀತು. ಮಕ್ಕಳಿಗೂ ಹೇಳಬಹುದು, ಹೇಳಬಾರದು ಅಷ್ಟೇ.

ಹಾಗಾದರೆ ಕಷ್ಟ ಎಲ್ಲಿದೆ? ನನ್ನ ಪ್ರಕಾರ ಸಮುದ್ರ ತೀರದ ದೃಶ್ಯದಲ್ಲಿ. ಈಜುಡುಗೆ ತೊಟ್ಟ ಒಬ್ಬ ಚೆಕ್ ಯುವಕ ನೀರಿನಿಂದ ಬರುತ್ತಾನೆ. ಇವಳು ಅವನನ್ನು ಮಾತಿಗೆ ಎಳೆಯುತ್ತಿದ್ದಾಳೆ. ದೂರದಲ್ಲಿ ಒಂದು ನಾಯಿ ಅಲೆಗೆ ಸಿಕ್ಕಿದೆ. ಅದನ್ನು ಉಳಿಸಲು ಹೆಂಗಸೊಬ್ಬಳು ನೀರಿಗಿಳಿಯುತ್ತಾಳೆ. ಅವಳನ್ನು ಉಳಿಸಲು ಗಂಡ. ಅವನನ್ನು ಉಳಿಸಲು ಈ ಯುವಕ. ಗಂಡನನ್ನು ದಡಕ್ಕೆ ಎಳೆದು ತಂದರೆ ಅವನು ಮತ್ತೆ ನೀರಿಗೆ ಓಡುತ್ತಾನೆ. ಯುವಕ ದಣಿದು ಕಲ್ಲಿನ ಮೇಲೆ ಬಿದ್ದಿದ್ದಾನೆ. ಇವಳು ನಿಧಾನವಾಗಿ ನಡೆದು ಬಂದು, ಒಂದು ಕಲ್ಲು ಆರಿಸಿ, ಅವನ ತಲೆಗೆ ಹೊಡೆದು, ಎಳೆದುಕೊಂಡು ಹೋಗುತ್ತಾಳೆ. ಆ ದಂಪತಿಯ ಕೂಸು ದಡದಲ್ಲೇ ಅಳುತ್ತಿದೆ. ಅವಳು ತಿರುಗಿಯೂ ನೋಡುವುದಿಲ್ಲ. ರಾತ್ರಿ ಅವಳ ಕಡೆಯ ಬೈಕ್ ಸವಾರ ಬಂದು ಯುವಕನ ಟೆಂಟು ಕಿತ್ತುಕೊಂಡು ಹೋಗುತ್ತಾನೆ. ಕೂಸು ಇನ್ನೂ ಅಲ್ಲೇ ಇದೆ.

ನನ್ನ ಗೆಳತಿಗೆ ಸಿಟ್ಟು ಬಂದದ್ದು ಇಲ್ಲಿ. ಬೋರ್ ಆಯಿತು ಅಂತ ಅವಳು ಬಾಯಲ್ಲಿ ಹೇಳಿದಳು. ಆದರೆ ಬೋರ್ ಆದವರು ಆ ಥರ ಎದ್ದು ಓಡಾಡುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮಾಸ್ಟರ್‌ಪೀಸ್, ಡಬ್ಬಾ, ಯಾವುದಾದರೂ ಅನ್ನಿ. ಆದರೆ ಯಾವ ದೃಶ್ಯದಲ್ಲಿ ಹಾಗನ್ನಿಸಿತು ಅಂತ ಹೇಳಿ.

ನೇರ ಮಾತು

ನನಗೆ ಬೋರ್ ಆದದ್ದು ವ್ಯಾನಿನ ದೃಶ್ಯಗಳಲ್ಲಿ. ವ್ಯಾನ್ ಹೋಗುತ್ತದೆ. ನಿಲ್ಲುತ್ತದೆ. ದಾರಿ ಕೇಳುತ್ತಾಳೆ. ಅವನೇನೋ ಹೇಳುತ್ತಾನೆ, ಆ ಊರಿನ ಇಂಗ್ಲಿಷ್ ಅರ್ಧ ತಲೆಗೆ ಹೋಗಲಿಲ್ಲ. ಮತ್ತೆ ವ್ಯಾನ್ ಹೋಗುತ್ತದೆ. ಶುರುವಿನಲ್ಲಿ ಒಂದು ಬೆಳಕಿನ ಚುಕ್ಕೆ, ಅದು ದೊಡ್ಡದಾಗಿ ಕೊನೆಗೆ ಕಣ್ಣು. ಹಿನ್ನೆಲೆಯಲ್ಲಿ ಯಾರೋ ಅಕ್ಷರ ಕಲಿಯುತ್ತಿದ್ದಾರೆ. ನಾನು ಅಲ್ಲೇ ಗಡಿಯಾರ ನೋಡಿದೆ.

ಸಮುದ್ರದ ದೃಶ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಒಂದು ಮಾತು. ಭಾವನೆ ತೋರಿಸದೆ ಇರುವುದು ಸುಲಭ. ಪಾತ್ರಕ್ಕೆ ಹೆಸರು ಕೊಡಬೇಡ, ಕಾರಣ ಕೊಡಬೇಡ, ಮಾತು ಕೊಡಬೇಡ. ಉಳಿದ ಕೆಲಸವನ್ನು ನಿಮ್ಮಂಥವರು ಮಾಡುತ್ತೀರಿ. ಖಾಲಿ ಬಿಟ್ಟ ಜಾಗಕ್ಕೆಲ್ಲ ಆಳ ಅಂತ ಹೆಸರಿಟ್ಟು ತುಂಬಿಸುತ್ತೀರಿ. ಇದೇ ಕಥೆಯನ್ನು ಹೆಸರಿಲ್ಲದ ಹೊಸ ನಿರ್ದೇಶಕ ಹೊಸ ನಟಿಯನ್ನು ಇಟ್ಟುಕೊಂಡು ಮಾಡಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿದ್ದಿರಾ?

ಮೈಕ್ ಹಿಡಿದವ

ಸಣ್ಣಪುಟ್ಟ ಶೂಟಿಂಗುಗಳಲ್ಲಿ ಸೌಂಡ್ ಕೆಲಸ ಮಾಡುತ್ತೇನೆ. ಹಾಗಾಗಿ ಆ ವ್ಯಾನಿನ ಬಗ್ಗೆ ಎರಡು ಮಾತು ಹೇಳಲೇಬೇಕು.

ಸರ್, ನಿಮಗೆ ಬೋರ್ ಆದ ಆ ಗಂಡಸರಲ್ಲಿ ಹಲವರು ನಟರಲ್ಲ. ಆ ಪಾತ್ರ ಮಾಡಿದ ಹಾಲಿವುಡ್ ನಟಿ ಸ್ಕಾರ್ಲೆಟ್ ಜೊಹಾನ್ಸನ್ ಕಪ್ಪು ವಿಗ್ ಹಾಕಿಕೊಂಡು, ತುಪ್ಪಳದ ಕೋಟು ತೊಟ್ಟು, ಇಂಗ್ಲೆಂಡಿನವರ ಉಚ್ಚಾರಣೆಯಲ್ಲಿ ನಿಜವಾದ ದಾರಿಹೋಕರನ್ನು ಮಾತಾಡಿಸಿದ್ದಾರೆ. ಪುಟ್ಟ ಕ್ಯಾಮೆರಾಗಳನ್ನು ವ್ಯಾನಿನೊಳಗೇ ಬಚ್ಚಿಟ್ಟಿದ್ದರು. ಮಾತು ಮುಗಿದ ಮೇಲೆ ತಂಡದವರು ಹೋಗಿ ವಿಷಯ ತಿಳಿಸಿ ಒಪ್ಪಿಗೆ ಕೇಳುತ್ತಿದ್ದರು. ಕಪ್ಪು ಕೋಣೆಗೆ ಬರುವವರಿಗೆ ಮಾತ್ರ ಎಲ್ಲ ಮೊದಲೇ ಹೇಳಿಯೇ ಕರೆದದ್ದು.

ಇದು ಬರೀ ಶೋಕಿ ಅಲ್ಲ. ನಟನಿಗೆ ‘ಮುಜುಗರ ತೋರಿಸು’ ಅಂದರೆ ಅವನು ಮುಜುಗರ ತೋರಿಸುತ್ತಾನೆ. ನಿಜವಾದ ಮನುಷ್ಯ ಅದನ್ನು ಮುಚ್ಚಿಡಲು ನೋಡುತ್ತಾನೆ. ನಗುತ್ತಾನೆ, ಕೈ ಎಲ್ಲಿಡಬೇಕು ಅಂತ ತಿಳಿಯದೆ ಒದ್ದಾಡುತ್ತಾನೆ, ಒಂದೇ ಉತ್ತರ ಎರಡು ಸಲ ಹೇಳುತ್ತಾನೆ. ಎಂಜಿನ್ ಸದ್ದು, ಟ್ರಾಫಿಕ್ ಸದ್ದು ಮಾತಿನ ಮೇಲೆ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಕೆಟ್ಟ ಸೌಂಡ್, ಡಬ್ಬಿಂಗಿನಲ್ಲಿ ತೊಳೆದು ಹಾಕುತ್ತೇವೆ. ಇಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ. ಅವಳಿಗೆ ನಮ್ಮ ಲೋಕ ಕೇಳಿಸುವುದೇ ಹಾಗೆ, ಅರ್ಧಂಬರ್ಧ.

ಇನ್ನು ಸಂಗೀತ. ಮಿಕಾ ಲೆವಿ ಅವರ ಮೊದಲ ಸಿನಿಮಾ ಇದು. ಕಪ್ಪು ಕೋಣೆಯಲ್ಲಿ ಬರುವ ವಯೋಲಾದ (ಪಿಟೀಲಿನಂಥದ್ದೇ ವಾದ್ಯ) ಮೂರು ಸ್ವರ ನೆನಪಿದೆಯಾ? ಅದರ ಸುತ್ತ ತಂತಿವಾದ್ಯಗಳು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅನ್ನುತ್ತಿರುತ್ತವೆ. ಹಾರರ್ ಸಂಗೀತ ಅಂದುಕೊಳ್ಳಬೇಕು, ಅಷ್ಟರಲ್ಲಿ ಅದರಲ್ಲಿ ಒಂದು ಸೆಳೆತವೂ ಇದೆ ಅಂತ ಗೊತ್ತಾಗುತ್ತದೆ. ಆದರೆ ಕೊನೆಯ ಸಾಲು ಅವರು ಹೇಳಿದ ಆ ಸಮುದ್ರದ ದೃಶ್ಯದಲ್ಲಿ ನಮ್ಮನ್ನು ಅಳಿಸಲು ಯಾವ ಪಿಟೀಲೂ ಬರುವುದಿಲ್ಲ. ಅಲೆ, ಗಾಳಿ, ಕೂಸು. ಸಂಗೀತ ಇದ್ದಿದ್ದರೆ ನಾವು ಅತ್ತು ಹಗುರಾಗುತ್ತಿದ್ದೆವು. ಕರುಣೆ ತೋರಿಸಿದೆವು ಅಂತ ಸಮಾಧಾನ ಆಗುತ್ತಿತ್ತು.

ನನಗೆ ಕಿರಿಕಿರಿಯಾದದ್ದು ಒಂದೇ. ಬಚ್ಚಿಟ್ಟ ಕ್ಯಾಮೆರಾದಿಂದ ಜನರನ್ನು ಹಿಡಿಯುವ ಸಿನಿಮಾ, ವ್ಯಾನಿನಿಂದ ಜನರನ್ನು ಹಿಡಿಯುವವಳ ಕಥೆ ಹೇಳುತ್ತಿದೆ. ಆಮೇಲೆ ಒಪ್ಪಿಗೆ ಕೇಳಿದ್ದಾರೆ, ಸರಿ. ಆದರೂ ಆ ಕ್ಷಣದಲ್ಲಿ ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ, ಅಲ್ವಾ?

ಪುಟ ಮಡಚಿದವಳು

ಕಾರಣ ಬೇಕು ಅನ್ನುವವರು ಕಾದಂಬರಿ ಓದಿ. ಮಿಶೆಲ್ ಫೇಬರ್ ಬರೆದದ್ದು, 2000ದಲ್ಲಿ ಬಂದದ್ದು, ಇದೇ ಹೆಸರು. ಅಲ್ಲಿ ಅವಳಿಗೆ ಇಸರ್ಲಿ ಅಂತ ಹೆಸರಿದೆ. ಸ್ಕಾಟ್ಲೆಂಡಿನ ಎ9 ಹೆದ್ದಾರಿಯಲ್ಲಿ ಕಾರು ಓಡಿಸುತ್ತಾಳೆ, ಲಿಫ್ಟ್ ಕೇಳುವ ಗಂಡಸರನ್ನು ಹತ್ತಿಸಿಕೊಳ್ಳುತ್ತಾಳೆ. ಯಾಕೆ ಅಂದರೆ ಅವಳ ಲೋಕದಲ್ಲಿ ನಮ್ಮ ಮಾಂಸಕ್ಕೆ ಭಾರಿ ಬೆಲೆ. ಅವಳ ಜನ ತಮ್ಮನ್ನೇ ಮನುಷ್ಯರು ಅಂದುಕೊಳ್ಳುತ್ತಾರೆ. ನಾವು ಅವರಿಗೆ ಸಾಕಿ ಕೊಯ್ಯುವ ಪ್ರಾಣಿ. ನಮ್ಮ ಥರ ಕಾಣಲು ಅವಳ ದೇಹವನ್ನು ಕೊಯ್ದು ಹಾಳು ಮಾಡಿದ್ದಾರೆ, ಆ ನೋವು ಪುಟಪುಟದಲ್ಲೂ ಇದೆ.

ಸಿನಿಮಾ ಇದನ್ನೆಲ್ಲ ಎತ್ತಿ ಬಿಸಾಡಿದೆ. ಒಂದು ಸುಳಿವು ಮಾತ್ರ ಉಳಿದಿದೆ. ಕಪ್ಪು ದ್ರವದೊಳಗೆ ಒಬ್ಬನ ದೇಹ ಇದ್ದಕ್ಕಿದ್ದಂತೆ ಕುಸಿದು ಬರೀ ಚರ್ಮ ತೇಲುತ್ತದಲ್ಲ, ಆಮೇಲೆ ಕೆಂಪು ಕೆಂಪಾಗಿ ಏನೋ ಕಾಲುವೆಯಲ್ಲಿ ಹರಿದು ಹೋಗುತ್ತದೆ. ಅಷ್ಟೇ. ಕಾದಂಬರಿ ಓದಿದವರಿಗೆ ತಿಳಿಯುತ್ತದೆ, ಉಳಿದವರಿಗೆ ಭಯವಾಗುತ್ತದೆ.

ನನಗೆ ಇದು ಲಾಭವೋ ನಷ್ಟವೋ ಅಂತ ಇನ್ನೂ ಜಗಳ ಇದೆ. ಮಾಂಸ ತಿನ್ನುವುದರ ಬಗ್ಗೆ ಫೇಬರ್ ಎತ್ತುವ ಪ್ರಶ್ನೆ ಬಲು ಚೂಪು, ಅದು ಹೋಯಿತು. ಅದರ ಬದಲು ಬಂದದ್ದು ನೋಟ. ಮೊದಲ ಅರ್ಧ ಅವಳು ಗಂಡಸರನ್ನು ನೋಡಿ ಅಳೆಯುತ್ತಾಳೆ. ಎರಡನೇ ಅರ್ಧ ಅವಳನ್ನು ಗಂಡಸರು ನೋಡುತ್ತಾರೆ. ಕಾಡಿನಲ್ಲಿ ಸಿಗುವವನೂ ಮೊದಲು ನಯವಾಗಿಯೇ ಮಾತಾಡಿಸುತ್ತಾನೆ, ಅವಳು ವ್ಯಾನಿನಿಂದ ಮಾತಾಡಿಸುತ್ತಿದ್ದ ಧಾಟಿಯಲ್ಲೇ. ನನಗೆ ಬೆನ್ನು ತಣ್ಣಗಾದದ್ದು ಅಲ್ಲಿ. ಹೆಣ್ಣಿನ ಚರ್ಮ ತೊಟ್ಟವಳಿಗೆ ಅದರ ಜೊತೆ ಇನ್ನೇನು ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ನೇರ ಮಾತು ಅವರೇ, ಹೊಸ ನಟಿ ಇದ್ದಿದ್ದರೆ ಅಂತ ಕೇಳಿದಿರಿ. ಕೆಲಸ ಮಾಡುತ್ತಿರಲಿಲ್ಲ. ಲೋಕವೇ ನೋಡುವ ಮುಖ ಅದು. ಆ ಮುಖವನ್ನು ಗ್ಲಾಸ್ಗೋ ಬೀದಿಯಲ್ಲಿ ಬಿಟ್ಟರೆ ಜನ ಗುರುತಿಸದೆ ಪಕ್ಕದಲ್ಲೇ ಹಾದುಹೋಗುತ್ತಾರೆ. ಸಿನಿಮಾದ ಅರ್ಧ ಬಲ ಅಲ್ಲೇ ಇದೆ.

ಕೊನೆಯ ಸಾಲು

ಮೂವರಿಗೂ ಥ್ಯಾಂಕ್ಸ್. ನೇರ ಮಾತು ಅವರ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವ ಹಾಗಿಲ್ಲ.

ಖಾಲಿ ಬಿಟ್ಟು ಆಳ ಅನ್ನಿಸುವ ಸಿನಿಮಾಗಳು ಬೇಕಾದಷ್ಟಿವೆ, ನಾನೂ ಬೈದಿದ್ದೇನೆ. ಇದು ಹಾಗಲ್ಲ ಅನ್ನಲು ನನ್ನ ಹತ್ತಿರ ಒಂದು ಸಾಕ್ಷಿ ಇದೆ. ಆಡಂ ಪಿಯರ್ಸನ್ ಅನ್ನುವ ನಟ ಬರುವ ದೃಶ್ಯ. ಅವರಿಗೆ ನಿಜಜೀವನದಲ್ಲೇ ನ್ಯೂರೋಫೈಬ್ರೊಮಟೋಸಿಸ್ ಅನ್ನುವ ಕಾಯಿಲೆ ಇದೆ, ಮುಖದ ತುಂಬ ಗಡ್ಡೆಗಳಿವೆ. ಮೇಕಪ್ ಅಲ್ಲ. ಸಿನಿಮಾದಲ್ಲಿ ಆ ಮನುಷ್ಯ ರಾತ್ರಿ ಹೊತ್ತು ಮಾತ್ರ ಅಂಗಡಿಗೆ ಹೋಗುತ್ತಾನೆ. ಕಾರಣ ಜನ. ಇವಳು ಅವನನ್ನು ಹತ್ತಿಸಿಕೊಳ್ಳುತ್ತಾಳೆ. ಅವನ ಮುಖ ನೋಡಿ ಬೆಚ್ಚುವುದಿಲ್ಲ. ಅಯ್ಯೋ ಪಾಪ ಅನ್ನುವುದಿಲ್ಲ. ಉಳಿದವರಿಗೆ ಕೇಳಿದ್ದನ್ನೇ ಕೇಳುತ್ತಾಳೆ. ನಿನ್ನ ಕೈ ಚೆನ್ನಾಗಿದೆ ಅನ್ನುತ್ತಾಳೆ. ಇದು ಕನಸಾ ಅಂತ ಅವನು ತನ್ನನ್ನೇ ಚಿವುಟಿಕೊಳ್ಳುತ್ತಾನೆ.

ಈಗ ಸಮುದ್ರ ನೆನಪಿಸಿಕೊಳ್ಳಿ. ಅಳುವ ಕೂಸು ಅವಳಿಗೆ ಬರೀ ಸದ್ದು. ಈ ಮುಖ ಅವಳಿಗೆ ಬರೀ ಮುಖ. ಎರಡೂ ಕಡೆ ಅವಳು ಮಾಡಿದ್ದು ಒಂದೇ, ಮನುಷ್ಯರಿಗೆ ಆಗುವುದು ಅವಳಿಗೆ ಆಗಲಿಲ್ಲ. ಅಲ್ಲಿ ಅದು ಕ್ರೌರ್ಯ. ಇಲ್ಲಿ ಅವನಿಗೆ ಯಾರೂ ಕೊಡದ ಮರ್ಯಾದೆ. ನಿರ್ದೇಶಕ ಸುಮ್ನೆ ಖಾಲಿ ಬಿಟ್ಟಿದ್ದರೆ ಈ ಎರಡು ದೃಶ್ಯ ಹೀಗೆ ಕೂರುತ್ತಿರಲಿಲ್ಲ. ಕಾರಣ, ಹೆಸರು, ಮಾತು ಎಲ್ಲ ಕೊಟ್ಟಿದ್ದರೂ ಕೂರುತ್ತಿರಲಿಲ್ಲ, ಯಾಕೆಂದರೆ ಆಗ ನಾವು ಅವಳನ್ನು ಒಂದು ಕಡೆ ಕೆಟ್ಟವಳು, ಇನ್ನೊಂದು ಕಡೆ ಒಳ್ಳೆಯವಳು ಅಂತ ವಿಂಗಡಿಸಿ ಮುಗಿಸುತ್ತಿದ್ದೆವು.

ಮತ್ತೆ ಒಂದು ಗಮನಿಸಿ. ಅವಳು ಅವನನ್ನೂ ಕಪ್ಪು ಕೋಣೆಗೆ ಕರೆದೊಯ್ಯುತ್ತಾಳೆ. ಬಿಟ್ಟುಬಿಡುವುದು ಆಮೇಲೆ, ಕನ್ನಡಿಯಲ್ಲಿ ತನ್ನ ಮುಖವನ್ನು ತುಂಬ ಹೊತ್ತು ನೋಡಿದ ಮೇಲೆ. ಅಲ್ಲಿಂದ ಅವಳ ಗತಿ ಕೆಟ್ಟಿತು. ಮಂಜಿನಲ್ಲಿ ವ್ಯಾನ್ ಬಿಟ್ಟಳು. ಹೋಟೆಲಿನಲ್ಲಿ ಕೇಕ್ ತಿನ್ನಲು ಹೋಗಿ ಕೆಮ್ಮಿ ಉಗುಳಿದಳು. ಒಳ್ಳೆಯವನೊಬ್ಬ ಮನೆಗೆ ಕರೆದೊಯ್ದು ಊಟ ಕೊಟ್ಟ. ಮನುಷ್ಯರ ಥರ ಬದುಕಲು ಹೊರಟಳು, ದೇಹ ಬಿಡಲಿಲ್ಲ.

ಮೈಕ್ ಹಿಡಿದವ ಅವರ ಕಿರಿಕಿರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಬಚ್ಚಿಟ್ಟ ಕ್ಯಾಮೆರಾ ಒಂದು ಒಳ್ಳೆಯದನ್ನೂ ಹಿಡಿದಿದೆ. ಅವಳು ಬೀದಿಯಲ್ಲಿ ಮುಗ್ಗರಿಸಿ ಬೋರಲು ಬೀಳುತ್ತಾಳೆ. ದಾರಿಯಲ್ಲಿ ಹೋಗುತ್ತಿದ್ದವರು ಬಂದು ಎತ್ತಿ ನಿಲ್ಲಿಸುತ್ತಾರೆ. ಯಾರು ಏನು ಅಂತ ಕೇಳುವುದಿಲ್ಲ. ನಾಯಿಯ ಹಿಂದೆ ನೀರಿಗೆ ಹಾರಿದವರ ಜಾತಿಯವರೇ ಅವರು.

ನೇರ ಮಾತು

ಕೂಸು ಮತ್ತು ಆ ಮುಖ, ಆ ಜೋಡಣೆ ನನಗೆ ಹೊಳೆದಿರಲಿಲ್ಲ. ಒಳ್ಳೆಯ ಓದು. ಆದರೆ ಅದು ನಿಮ್ಮ ಓದು. ಸಿನಿಮಾ ಅದನ್ನು ನನಗೆ ಮುಟ್ಟಿಸಬೇಕಿತ್ತು. ನೀವು ಇಷ್ಟು ಬರೆಯಬೇಕಾಯಿತು ಅಂದರೆ ಅದು ಮುಟ್ಟಿಸಿಲ್ಲ. ಮತ್ತೆ ನೋಡುವಷ್ಟು ತಾಳ್ಮೆ ನನಗಿಲ್ಲ. ಕಾದಂಬರಿ ತರಿಸಿಕೊಳ್ಳುತ್ತೇನೆ.

ಪುಟ ಮಡಚಿದವಳು

ಅದು ಓದಿದ ಮೇಲೆ ಸ್ವಲ್ಪ ದಿನ ಊಟದ ತಟ್ಟೆ ನೋಡಲು ಕಷ್ಟವಾಗುತ್ತದೆ. ಹೇಳಲಿಲ್ಲ ಅನ್ನಬೇಡಿ.

ಹೊಸಬ

ಎಲ್ಲ ಓದಿಬಿಟ್ಟೆ, ಈಗ ನೋಡಿದರೆ ಮಜಾ ಇರುತ್ತಾ? ಮನೆಯಲ್ಲಿ ಎಲ್ಲರೂ ಕೂತು ನೋಡುವ ಹಾಗಿದೆಯಾ?

ಕೊನೆಯ ಸಾಲು

ಕಥೆ ಗೊತ್ತಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ. ರಾತ್ರಿ ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿ. ಫೋನಿನ ಪರದೆಯಲ್ಲಿ ಬೇಡ, ಕಪ್ಪು ಕೋಣೆ ಬರೀ ಕಪ್ಪಾಗಿ ಕಾಣುತ್ತದೆ. ಇನ್ನು ಮನೆಯವರ ಜೊತೆಯಾ? ಬೇಡ ಮಾರಾಯ್ರೇ. ಬಟ್ಟೆ ಇಲ್ಲದ ದೃಶ್ಯಗಳು ಜಾಸ್ತಿ ಇವೆ. ಆಮೇಲೆ ನನ್ನನ್ನು ಬೈಯಬೇಡಿ.